ಮಂಗಳವಾರದ ಮೀಸಲು

11-7-83, ಸೋಮವಾರ. ಬೆಳಿಗ್ಗೆ 6

ಗೇಜು 1.8 ಅಡಿ. ಮೇಲಿನಿಂದ ನೀರು ಬಂತು. ಮುಂದೆ ಕಸ, ಜಾಲಿ ಕಂಟಿ, ಯಾರದೋ ಒಂಟಿ ಚಪ್ಪಲಿ. ನೀರು ಅದರ ಹಿಂದೆ. ಪ್ರತಿ ವರ್ಷ ಹೀಗೇ.

ನಾನು, ಜೊತೆ ಕೆಲಸದ ಗಾಳೆಪ್ಪ ಸೇರಿ ಗೇಟು ಎತ್ತಿದೆವು. ಹ್ಯಾಂಡಲ್ ನೂರಾ ನಲವತ್ತು ಸುತ್ತು. ಬೇಸಿಗೆಯೆಲ್ಲ ನಿಂತ ಗೇಟು, ಗ್ರೀಸು ಒಣಗಿ ಕಲ್ಲಾಗಿತ್ತು. ಎಪ್ಪತ್ತು ಸುತ್ತು ನನ್ನದು, ಎಪ್ಪತ್ತು ಅವನದು. ಅರವತ್ತೆಂಟನೆಯ ಸುತ್ತಿಗೇ ಸೊಂಟ ಹಿಡಿಯಿತು. ಗೇಟಿನ ಕೋಣೆಗೆ ಬಂದು ಎರಡು ಗುಳಿಗೆ ನುಂಗಿ ಗೋಡೆಗೆ ಒರಗಿ ನಿಂತೆ. ಅರ್ಧ ಗಂಟೆಗೆ ಸಡಿಲವಾಯಿತು.

ಇದು ಆಫೀಸಿನ ಗೇಜು ಪುಸ್ತಕ. ಹೋದ ಮಳೆಗಾಲ ರಟ್ಟು ನೆನೆಯಿತೆಂದು ಹೊಸದು ಕೊಟ್ಟರು, ಹಳೆಯದು ನನಗೆ ಉಳಿಯಿತು. ಹದಿನಾಲ್ಕು ವರ್ಷದಿಂದ ಲಸ್ಕರ್. ಶ್ರೀರಾಮನಗರದ ಹತ್ತಿರ ಈ ಉಪಕಾಲುವೆಯ ಗೇಟು ಕಾಯುವುದು, ಬೆಳಿಗ್ಗೆ ಸಂಜೆ ನೀರಿನ ಮಟ್ಟ ನೋಡಿ ಬರೆಯುವುದು. ಬರೆದು ಬರೆದು ಕೈಗೆ ಚಟ ಹತ್ತಿದೆ. ಕಾಲುವೆಯದು ಆ ಪುಸ್ತಕಕ್ಕೆ, ನನ್ನದು ಇದಕ್ಕೆ.

12-7-83, ಮಂಗಳವಾರ

ಗೇಜು 3.4. ಒಪ್ಪತ್ತು. ದೀಪ ಹಚ್ಚುವ ತನಕ ಊಟವಿಲ್ಲ, ನೀರಿಲ್ಲ, ಗುಳಿಗೆಯೂ ಇಲ್ಲ.

ಗುಳಿಗೆ, ಹರಕೆ ಎರಡೂ ಒಂದೇ ತಿಂಗಳಲ್ಲಿ ಶುರುವಾದವು. 1981. ಹ್ಯಾಂಡಲ್ ತಿರುಗಿ ಹೊಡೆದ ಪೆಟ್ಟಿಗೆ ಇಪ್ಪತ್ತು ದಿನ ನೆಲ ಹಿಡಿದಿದ್ದೆ. ಗಂಗಾವತಿಯ ಡಾಕ್ಟರು ಬಿಗಿದ ಸ್ನಾಯು ಸಡಿಲಾಗುವ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಮೂರು, ಹತ್ತು ದಿನ. ಹೆಂಡತಿ ಫಕೀರಮ್ಮ ಹುಲಿಗೆಮ್ಮನಿಗೆ ಹರಕೆ ಹೊತ್ತಳು — ಗಂಡ ಎದ್ದು ನಡೆದಾಡಿದರೆ ಮಂಗಳವಾರ ಒಪ್ಪತ್ತು ಮಾಡಿಸುತ್ತೇನೆ ಅಂತ. ಹೊತ್ತವಳು ಅವಳು, ಉಪವಾಸ ಬಿದ್ದವನು ನಾನು. ಗುಳಿಗೆ ಶುರುವಾದ ಹತ್ತನೆಯ ದಿನ ಎದ್ದೆ. ಯಾರ ದಯೆಯಿಂದ ಎದ್ದೆನೋ ಗೊತ್ತಾಗದೆ ಇಬ್ಬರನ್ನೂ ಬಿಡಲಿಲ್ಲ.

ಹತ್ತು ದಿನದ ಚೀಟಿಗೆ ಈಗ ಎರಡು ವರ್ಷ. ಮಡಿಕೆ ಹರಿದಲ್ಲಿ ಫಕೀರಮ್ಮ ಅನ್ನದ ಅಗುಳಿನಿಂದ ಅಂಟಿಸಿದ್ದಾಳೆ. ಔಷಧಿ ಅಂಗಡಿಯವನು ಚೀಟಿ ನೋಡುವುದಿಲ್ಲ, ನನ್ನ ಮುಖ ನೋಡಿ ಕೊಡುತ್ತಾನೆ. ಮೂರು ಇದ್ದದ್ದು ನಾಲ್ಕಾಯಿತು. ಈಗ ಆರು. ಆರು ಅಂತ ಬರೆದದ್ದು ಇದೇ ಮೊದಲು, ಬರೆದ ಮೇಲೆ ಜಾಸ್ತಿ ಅನಿಸುತ್ತದೆ.

ಮಂಗಳವಾರದ ಆರನ್ನು ಫಕೀರಮ್ಮ ಬೆಳಿಗ್ಗೆಯೇ ಎಣಿಸಿ ದೇವರ ಜಗಲಿಯ ಮೇಲೆ ಹಿತ್ತಾಳೆ ಬಟ್ಟಲಲ್ಲಿ ಇಡುತ್ತಾಳೆ, ಅರಿಸಿನದ ಭಂಡಾರದ ಪಕ್ಕ. ಮೀಸಲು. ಹೋಳಿಗೆ ಮಾಡಿದ ದಿನ ಹೋಳಿಗೆ ಮೀಸಲು, ನಮ್ಮ ಮನೆಯಲ್ಲಿ ಗುಳಿಗೆ ಮೀಸಲು. ದೀಪ ಹಚ್ಚಿ ಕಾಯಿ ಒಡೆದ ಮೇಲೆ ಅವು ಪ್ರಸಾದ. ಪ್ರಸಾದ ಉಳಿಸಬಾರದು, ನಾಳೆಗೆ ಇಡಬಾರದು. ಆರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತೇನೆ. ಎರಡನೆಯ ರೊಟ್ಟಿ ಮುಗಿಯುವುದರೊಳಗೆ ನಿದ್ದೆ.

ಇವತ್ತು ದೀಪದ ಹೊತ್ತಿಗೆ ಮೈ ನಡುಗಿತು. ಕೆಲವು ತಿಂಗಳಿಂದ ಮಂಗಳವಾರ ಸಂಜೆ ನಡುಗುತ್ತದೆ, ಇವತ್ತು ಜೋರು. ಬೆವರು, ಎದೆ ಡಬಡಬ, ಹಲ್ಲು ಕಟಕಟ. ಫಕೀರಮ್ಮ ಆರತಿ ತಟ್ಟೆ ಕೆಳಗಿಟ್ಟಳು.

"ಬಂದ್ಯಾ ನಮ್ಮವ್ವಾ?" ಅಂದಳು, ನನ್ನನ್ನೇ ನೋಡಿ. ಕೈ ಮುಗಿದಳು.

ಮದುವೆಯಾಗಿ ಹದಿನೇಳು ವರ್ಷ. ನನಗೆ ಅವಳು ಕೈ ಮುಗಿದದ್ದು ಇದೇ ಮೊದಲು.

20-7-83, ಬುಧವಾರ

ಗೇಜು 4.0.

ನಿನ್ನೆ ಮನೆ ಮುಂದೆ ಏಳು ಜನ ಹೆಂಗಸರು. ಹನುಮಸಾಗರ ಕಡೆಯಿಂದ ಭತ್ತದ ಸಸಿ ಹಚ್ಚಲು ಬಂದ ಗುಂಪು, ಕಾಲುವೆಯ ಕೆಳಗೆ ಶೆಡ್ಡು ಹಾಕಿಕೊಂಡಿದ್ದಾರೆ. ಮುಂದಾಳು ಮಾರೆವ್ವ. ನಲವತ್ತು ಇರಬಹುದು. ದನಿ ದೊಡ್ಡದು, ಮೈ ಸಣ್ಣದು. ಯಾರು ಸುದ್ದಿ ಹೇಳಿದರೋ — ಯಾರೇನು, ಫಕೀರಮ್ಮನೇ ನೀರು ತರಲು ಹೋದಾಗ ಹೇಳಿದ್ದಾಳೆ.

ನಾನು ನಡುಗುತ್ತಾ ಕೂತಿದ್ದೆ. ಮಾರೆವ್ವ ಮುಂದೆ ಬಂದು ಕೇಳಿದಳು: "ಯವ್ವಾ, ಕೆಳಗಿನ ಹೊಲಕ್ಕ ನೀರು ಯಾವಾಗ ಬರತೈತಿ? ಸಸಿ ಬಾಡಾಕ ಹತ್ಯಾವು. ಕೆಲಸ ಇಲ್ದ ಕುಂತೀವಿ ತಾಯಿ."

"ಗುರುವಾರ," ಅಂದೆ.

ಗುರುವಾರ ಮುಂಜಾನೆ ಗೇಟು ಅರ್ಧ ಅಡಿ ಏರಿಸಬೇಕೆಂದು ಜೆ.ಇ. ಸಾಹೇಬರು ಬರೆದ ಚೀಟಿ ಜೇಬಿನಲ್ಲೇ ಇತ್ತು. ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿತ್ತು. ಹಗಲು ಬಂದು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

22-7-83

ಗೇಜು 4.5. ನಿನ್ನೆ ಕೆಳಗಿನ ಹೊಲಕ್ಕೆ ನೀರು ಹೋಯಿತು. ಮಾರೆವ್ವ ಒಂದು ಕುಂಬಳಕಾಯಿ, ಎರಡು ತೆಂಗಿನಕಾಯಿ ತಂದಿಟ್ಟು ಹೋದಳು. ಗಾಳೆಪ್ಪ ನಕ್ಕೂ ನಕ್ಕೂ ಸಾಕಾದ. "ಗೇಟು ಎತ್ತಿದಾವ ನಾನು, ಕುಂಬಳಕಾಯಿ ನಿಂಗಾ?" ಅರ್ಧ ಕೊಟ್ಟು ಕಳಿಸಿದೆ.

27-7-83, ಬುಧವಾರ. ಮಧ್ಯಾಹ್ನ

ಬೆಳಗಿನ ಗೇಜು ನಾನು ನೋಡಲಿಲ್ಲ.

ನಿನ್ನೆ ದೀಪದ ನಂತರ ಆರನ್ನೂ ನುಂಗಿ ಮಲಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು. ಮುಖ, ಅಂಗಿ ಎಲ್ಲ ನೀರು. ಗಾಳೆಪ್ಪ ಕೊಡ ಹಿಡಿದುಕೊಂಡು ನಿಂತಿದ್ದ. ಫಕೀರಮ್ಮ ಬಾಗಿಲಲ್ಲಿ ಅಳುತ್ತಿದ್ದಳು.

"ಎರಡ ಕೊಡ ಸುರುವೀನಿ. ಎಷ್ಟ ನುಂಗಿದ್ಯೋ ಯಣ್ಣಾ?"

"ದಿನದ್ದು."

"ದಿನದ್ದು ದಿನಾಪೂರ್ತಿ ನುಂಗಬೇಕು. ಒಂದ ತಾಸಿನ್ಯಾಗ ನುಂಗಿದ್ರ ಹೆಂಗ?"

ನೀರು 5.1ಕ್ಕೆ ಏರಿತ್ತಂತೆ. ಒಬ್ಬನೇ ಗೇಟು ಇಳಿಸಿದ್ದಾನೆ. ಆಫೀಸಿನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಅವನ ಅಕ್ಷರ. ಹದಿನಾಲ್ಕು ವರ್ಷದಲ್ಲಿ ನೋಡದ ಗೇಜಿಗೆ ಸಹಿ ಮಾಡಿದ್ದು ಇದೇ ಮೊದಲು. ನಾಚಿಕೆಯಾಯಿತು. ಇನ್ನೊಂದು ಅಡಿ ಏರಿದ್ದರೆ ದಂಡೆ ಒಡೆದು ಆ ಹೆಂಗಸರ ಶೆಡ್ಡಿಗೇ ನೀರು ನುಗ್ಗುತ್ತಿತ್ತು.

ಫಕೀರಮ್ಮ ಮಾತ್ರ ಬೇರೆ ಹೇಳುತ್ತಾಳೆ. ಅಮ್ಮ ಬಂದು ಹೋದ ಮೈ ದಣಿದಿರುತ್ತದಂತೆ. ಹಾಗೇ ಇರಲಿ ಅಂತ ನಾನೂ ನಂಬಲು ನೋಡಿದೆ.

2-8-83, ಮಂಗಳವಾರ. ರಾತ್ರಿ 8

ಗೇಜು 4.2.

ಒಂದು ತಪ್ಪು ಮಾಡಿದೆ, ಅದರಿಂದ ಒಂದು ವಿಷಯ ತಿಳಿಯಿತು.

ಮಧ್ಯಾಹ್ನ ಜೆ.ಇ. ಸಾಹೇಬರು ಜೀಪಿನಲ್ಲಿ ಬರುವ ಸುದ್ದಿ. ಹನ್ನೆರಡಕ್ಕೇ ಬೆರಳು ಅದುರಲು ಶುರು. ನಡುಗುವ ಕೈಯಲ್ಲಿ ಪುಸ್ತಕ ಕೊಟ್ಟರೆ ಕುಡಿದಿದ್ದಾನೆ ಅನ್ನುತ್ತಾರೆ. ಗೇಟಿನ ಕೋಣೆಯ ಗೋಡೆಯ ಮಾಡದಲ್ಲಿ ಎರಡು ಗುಳಿಗೆ ಇಟ್ಟಿರುತ್ತೇನೆ. ನುಂಗಿದೆ. ಉಪವಾಸ ಮುರಿದದ್ದು ಯಾರಿಗೂ ಗೊತ್ತಿಲ್ಲ. ಸಾಹೇಬರು ಬಂದರು, ನೋಡಿದರು, "ಗ್ರೀಸ್ ಹಾಕಪ್ಪ ಹುಲಿಗೆಪ್ಪ" ಅಂದರು, ಹೋದರು. ಕೈ ಕಲ್ಲಿನ ಹಾಗೆ ನಿಂತಿತ್ತು.

ಸಂಜೆ ಮನೆ ಮುಂದೆ ಹದಿನೈದು ಜನ. ದೀಪ ಹಚ್ಚಿದರು, ಕಾಯಿ ಒಡೆದರು. ನಾನು ಕೂತೆ. ಏನೂ ಇಲ್ಲ. ನಡುಕವಿಲ್ಲ, ಬೆವರಿಲ್ಲ. ಊಟದ ಪಂಕ್ತಿಯಲ್ಲಿ ಕೂತವನ ಹಾಗೆ ಕೂತಿದ್ದೆ. ಒಂದು ಮಗು ಆಕಳಿಸಿತು.

"ಅಮ್ಮ ಇವತ್ತ ಬರವಲ್ಲಳು," ಅಂದಳು ಮಾರೆವ್ವ. "ಯಾರರೆ ಮೈಲಿಗಿ ಆಗ್ಯಾರೇನು ನೋಡ್ರೆವಾ."

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ನಾನು ನೆಲ ನೋಡಿದೆ.

ಗೇಟಿನ ಹತ್ತಿರ ಚಹದ ಅಂಗಡಿ ಇಟ್ಟಿರುವ ಚಾಂದಬೀ ಹೋದ ವಾರವೇ ಅಂದಿದ್ದಳು: "ಹುಲಿಗೆಪ್ಪಣ್ಣ, ಮಂಗಳವಾರ ನೀವು ಚಾ ಕುಡಿಯಂಗಿಲ್ಲ, ಅದಕ್ಕ ನಡಗತೀರಿ. ನಂಗೂ ರೋಜಾದಾಗ ಹಂಗ ಆಗತೈತಿ." ಎಲ್ಲರೂ ನಕ್ಕಿದ್ದರು. ಚಹ ಅಲ್ಲ. ಆದರೆ ಅವಳು ಭಾಳ ದೂರ ಇರಲಿಲ್ಲ.

10-8-83, ಬುಧವಾರ

ಗೇಜು 4.3. ನಿನ್ನೆ ಬೇಕೆಂದೇ ಒಂದೂ ನುಂಗಲಿಲ್ಲ. ಐದು ಗಂಟೆಗೇ ನಡುಕ. ಆರಕ್ಕೆ ಮಾತು ತೊದಲಿತು. ಜನ ಅಡ್ಡಬಿದ್ದರು.

ಅಂದರೆ ಲೆಕ್ಕ ಸರಳ. ಗುಳಿಗೆ ಹೋದರೆ ಅಮ್ಮ ಬರುತ್ತಾಳೆ, ಗುಳಿಗೆ ಬಂದರೆ ಅಮ್ಮ ಹೋಗುತ್ತಾಳೆ. ಅಮ್ಮನ ಹೆಸರು ಇಟ್ಟುಕೊಂಡವನು ನಾನು. ಇದನ್ನು ಬರೆಯುವಾಗ ಭಯವಾಗುತ್ತದೆ. ಅಮ್ಮನ ಭಯಕ್ಕಿಂತ ಗುಳಿಗೆಯ ಭಯ.

ಫಕೀರಮ್ಮನಿಗೆ ಹೇಳಬೇಕು. ಹೇಳಲಾರೆ. ಮಕ್ಕಳಿಲ್ಲದ ಅವಳನ್ನು ಉಡಿ ತುಂಬಲು ಯಾರೂ ಕರೆಯುತ್ತಿರಲಿಲ್ಲ. ಕರೆದರೂ ಹಿಂದೆ ಕೂಡಿಸುತ್ತಿದ್ದರು. ಈಗ ಅದೇ ಹೆಂಗಸರು ಮೊದಲು ಅವಳ ಕಾಲು ಮುಟ್ಟಿ ಆಮೇಲೆ ಒಳಗೆ ಬರುತ್ತಾರೆ. ಮೊನ್ನೆ ಬಾವಿಯಿಂದ ಬರುವಾಗ ಹಾಡಿಕೊಂಡು ಬಂದಳು. ಅವಳಿಗೆ ಹಾಡಲು ಬರುತ್ತದೆ ಅಂತಲೇ ನನಗೆ ಮರೆತಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುಮ್ಮನಿದ್ದೇನೆ.

24-8-83

ಗೇಜು 4.4. ನಿನ್ನೆ ಮಾರೆವ್ವ ನೀರು ಕೇಳಲಿಲ್ಲ, ತನ್ನ ಸೊಂಟದ ಬಗ್ಗೆ ಕೇಳಿದಳು. ಒಂದೂವರೆ ತಿಂಗಳಿಂದ ಬಗ್ಗಿ ಸಸಿ ಹಚ್ಚಿ ನೆಟ್ಟಗೆ ನಿಲ್ಲಲು ಆಗುವುದಿಲ್ಲವಂತೆ. ಎದ್ದು ನಿಂತಾಗ ಕೋಲು ಹಿಡಿದಿದ್ದಳು. "ಅಮ್ಮ ನೋಡ್ಕೋತಾಳ" ಅಂದೆ. ಬೇರೆ ಏನು ಹೇಳಲಿ? ಆ ನೋವು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

31-8-83, ಬುಧವಾರ. ಗಂಗಾವತಿ, ದವಾಖಾನೆಯ ಪಡಸಾಲೆ. ಬೆಳಿಗ್ಗೆ

ಗೇಜು ಗಾಳೆಪ್ಪ ನೋಡುತ್ತಾನೆ.

ಪುಸ್ತಕ ಹೇಗೋ ಚೀಲದಲ್ಲಿ ಬಂದಿದೆ. ಕೈ ನೆಟ್ಟಗಿಲ್ಲ. ಆದರೂ ಇದನ್ನು ಇವತ್ತೇ ಬರೆಯಬೇಕು.

ನಿನ್ನೆ ಮಂಗಳವಾರ. ಜನ ಎದ್ದು ಹೋದ ಮೇಲೆ ಜಗಲಿಗೆ ಹೋದೆ, ಮೈಯೆಲ್ಲ ಗುಳಿಗೆಗೆ ಕಾದಿತ್ತು. ಬಟ್ಟಲಲ್ಲಿ ಭಂಡಾರ ಅಷ್ಟೇ.

"ಮಾರೆವ್ವಗ ಕೊಟ್ಟೆ," ಅಂದಳು ಫಕೀರಮ್ಮ. "ಸೊಂಟಕ್ಕ ಅಮ್ಮನ ಪ್ರಸಾದ ಕೊಡ್ರಿ ಅಂತ ಸೆರಗ ಒಡ್ಡಿದ್ಲು. ನಿಮಗ ಗುಣ ಆಗೇತಿ, ಆಕಿಗೂ ಆಗಲಿ ಅಂತ."

"ಎಷ್ಟು?"

"ಮೀಸಲಾ ಮುರೀತಾರೇನ್ರಿ? ಆರೂ ಕೊಟ್ಟೆ."

ಎರಡು ವರ್ಷದಿಂದ ತಿನ್ನುವ ನನಗೇ ಆರು ಒಟ್ಟಿಗೆ ನುಂಗಿದರೆ ಎರಡು ಕೊಡ ನೀರು ಬೇಕಾಗುತ್ತದೆ. ಅವಳು ಒಂದೂ ಕಂಡವಳಲ್ಲ. ಪ್ರಸಾದ ನಾಳೆಗೆ ಇಡುವವಳೂ ಅಲ್ಲ. ಮೇಲಾಗಿ ನಿನ್ನೆ ಸಸಿ ಹಚ್ಚುವುದು ಮುಗಿದ ದಿನ. ಹೊಲದವರು ಗುಂಪಿಗೆ ಸೇಂದಿ ಕೊಡಿಸುವುದು ವಾಡಿಕೆ.

ದಂಡೆಯ ಮೇಲೆ ಓಡಿದೆ. ಓಡಿದೆ ಅನ್ನುವುದು ದೊಡ್ಡ ಮಾತು, ಎರಡು ಸಲ ಬಿದ್ದೆ. ಶೆಡ್ಡಿನಲ್ಲಿ ಲಾಟೀನು ಹಚ್ಚಿದ್ದರು. ಹೆಂಗಸರು ಹಾಡು ಹೇಳುತ್ತಿದ್ದರು. ಮಾರೆವ್ವ ಮೂಲೆಯಲ್ಲಿ ಅಂಗಾತ ಬಿದ್ದಿದ್ದಳು. ಗೊರಕೆ ವಿಚಿತ್ರ — ಒಂದು ಬಂದು, ಭಾಳ ಹೊತ್ತು ಬಿಟ್ಟು, ಇನ್ನೊಂದು. ತುಟಿ ಕಪ್ಪು. ರೆಪ್ಪೆ ಎತ್ತಿದರೆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ.

"ಎಬ್ಬಿಸಬ್ಯಾಡ್ರಿ ಯಪ್ಪಾ," ಅಂದಳು ಗುಂಪಿನ ಪಾರಮ್ಮ. "ಅಮ್ಮ ನಿದ್ದಿ ಕೊಟ್ಟಾಳ. ತಿಂಗಳಿಂದ ಮಲಗಿದ್ದಿಲ್ಲ ಆಕಿ."

"ದವಾಖಾನಿಗೆ ಒಯ್ಯಬೇಕು."

"ದೇವಿ ನಿದ್ದಿಗೆ ದವಾಖಾನಿ ಯಾಕ್ರಿ?"

ನಾಲ್ಕು ಜನ ಅಡ್ಡ ನಿಂತರು. ಸಿಟ್ಟಿನಿಂದಲ್ಲ, ಪ್ರೀತಿಯಿಂದ. ಅದು ಗುಳಿಗೆ, ಅಮ್ಮ ಅಲ್ಲ ಅಂತ ಹೇಳಲು ಬಾಯಿ ತೆರೆದೆ. ಹೇಳಿದರೆ ಎಲ್ಲ ಬಿಡಿಸಿ ಹೇಳಬೇಕು, ಅವರು ನಂಬಬೇಕು, ಜಗಳವಾಗಬೇಕು. ಅವಳ ಇನ್ನೊಂದು ಉಸಿರು ಇನ್ನೂ ಬಂದಿರಲಿಲ್ಲ. ನನ್ನ ಮೈ ಹೇಗೂ ನಡುಗುತ್ತಿತ್ತು. ಇನ್ನಷ್ಟು ನಡುಗಲು ಬಿಟ್ಟೆ. ಕೈ ಮೇಲೆತ್ತಿ ಕೂಗಿದೆ:

"ನಾ ಹೇಳಾಕ ಹತ್ತೀನಿ! ಗಂಗಾವತಿಗೆ ಒಯ್ಯಿರಿ! ಈಗಿಂದೀಗ ಒಯ್ಯಿರಿ!"

ಅಡ್ಡ ನಿಂತ ನಾಲ್ಕೂ ಜನ ಕಾಲಿಗೆ ಬಿದ್ದರು. ಹೊಲದವರ ಟ್ರಾಕ್ಟರ್ ಹತ್ತು ನಿಮಿಷದಲ್ಲಿ ಬಂತು. ಟ್ರೇಲರಿನಲ್ಲಿ ಅವಳನ್ನು ಮಗ್ಗುಲಾಗಿ ಮಲಗಿಸಿ ತಲೆ ತೊಡೆಯ ಮೇಲೆ ಇಟ್ಟುಕೊಂಡೆ. ದಾರಿಯಲ್ಲಿ ಎರಡು ಸಲ ವಾಂತಿ. ಉಸಿರು ತಡವಾದಾಗಲೆಲ್ಲ ಕೆನ್ನೆಗೆ ಹೊಡೆದೆ. ಅಷ್ಟು ಗಟ್ಟಿಯಾಗಿ ಯಾರಿಗೂ ಹೊಡೆದವನಲ್ಲ ನಾನು.

ಜೀವ ಉಳಿಸಲು ಸುಳ್ಳು ಹೇಳಿದೆ, ಅದೂ ಅಮ್ಮನ ಬಾಯಲ್ಲಿ. ತಪ್ಪೋ ಸರಿಯೋ ಈಗ ತಿಳಿಯುತ್ತಿಲ್ಲ.

ಅದೇ ದಿನ, 11 ಗಂಟೆ

ಡಾಕ್ಟರು ಅದೇ ಡಾಕ್ಟರು. ಹೊಟ್ಟೆ ತೊಳೆದರು, ಸಲೈನ್ ಹಚ್ಚಿದರು. ನನ್ನನ್ನು ಒಳಗೆ ಕರೆದು "ಏನ್ ತಗೊಂಡಾಳ?" ಅಂದರು. ಚೀಟಿ, ಗುಳಿಗೆಯ ಖಾಲಿ ಪಟ್ಟಿ ಎರಡನ್ನೂ ಮೇಜಿನ ಮೇಲೆ ಇಟ್ಟೆ. ಆರು, ಒಟ್ಟಿಗೆ, ಮೇಲೆ ಸೇಂದಿ. ಅಷ್ಟು ಹೇಳುವುದರಲ್ಲಿ ಅಳು ಬಂತು.

ಚೀಟಿಯನ್ನು ಬೆಳಕಿಗೆ ಹಿಡಿದರು. "ನಂದಾ ಅಕ್ಷರ. ಹತ್ತ ದಿನ ಅಂತ ಬರದೀನಲ್ಲೋ ಮಾರಾಯಾ." ಆಮೇಲೆ ನನ್ನ ಕೈ ನೋಡಿದರು. "ನೀ ದಿನಕ್ಕ ಎಷ್ಟು?"

ಎಲ್ಲ ಹೇಳಿದೆ. ಮೀಸಲು, ಮಂಗಳವಾರ, ಅಮ್ಮ — ಎಲ್ಲ. ನಗಲಿಲ್ಲ ಪುಣ್ಯಾತ್ಮ.

"ಇದಕ್ಕ ಮೈ ಒಗ್ಗಿಕೊಂಡಬಿಡತೈತಿ. ಒಮ್ಮಿಗೆ ಬಿಟ್ರ ಮೈ ರಂಪ ಮಾಡತೈತಿ, ನಡುಕ, ಬೆವರು, ಒಮ್ಮೊಮ್ಮೆ ಫಿಟ್ಸು. ಬಿಟ್ಟದ್ದನ್ನೆಲ್ಲ ಕೂಡಿಸಿ ಒಮ್ಮಿಗೆ ನುಂಗಿದ್ರ ಉಸಿರಾ ನಿಲ್ಲತೈತಿ. ನೀ ವಾರಾ ಎರಡೂ ಮಾಡೀದಿ. ಬದುಕೀದಿ ಅಂದ್ರ ಆಶ್ಚರ್ಯ."

"ಈಗಿಂದ ಬಿಡ್ತೀನ್ರಿ."

"ಅದನ್ನ ಮಾಡಬ್ಯಾಡ ಅಂತ ಹೇಳಾಕ ಹತ್ತೀನಿ. ಎರಡ ವಾರಕ್ಕ ಒಂದ ಕಡಿಮಿ ಮಾಡು. ಪ್ರತಿ ಸಲ ನನಗ ತೋರಿಸು. ಸೇಂದಿ ಮುಟ್ಟಬ್ಯಾಡ. ಮಂಗಳವಾರಾನೂ ತಗೋ."

2-9-83

ಗೇಜು 4.1. ಮಾರೆವ್ವ ನಿನ್ನೆ ಸಂಜೆ ಕಣ್ಣು ಬಿಟ್ಟಳಂತೆ. ಮೊದಲು ನೀರು ಕೇಳಿದಳು, ಆಮೇಲೆ ಎಲೆ ಅಡಿಕೆ, ಆಮೇಲೆ ನರ್ಸಮ್ಮನಿಗೆ ಬೈದಳು. ಸುದ್ದಿ ಕೇಳಿ ಕಾಲುವೆಯ ಮೆಟ್ಟಿಲ ಮೇಲೆ ಕೂತು ಬಿಟ್ಟೆ.

4-9-83

ಫಕೀರಮ್ಮನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ಮೇಲೆ ಕೇಳಿದಳು:

"ಹಂಗಾದ್ರ ಇಷ್ಟ ದಿನಾ ನಾ ಕೈ ಮುಗದದ್ದು ಯಾರಿಗ್ರಿ?"



7-9-83

ಗೇಜು 3.8. ಮಾತಿಲ್ಲ. ಊಟ ಬಡಿಸಿ ಹಿತ್ತಲಿಗೆ ಹೋಗುತ್ತಾಳೆ.

8-9-83

ಇವತ್ತು ಮಾತಾಡಿದಳು. ಗುಳಿಗೆಯೆಲ್ಲ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ತಾಳಿಗೆ ಕಟ್ಟಿಕೊಂಡಿದ್ದಾಳೆ. "ಹೊತ್ತಹೊತ್ತಿಗೆ ನಾ ಕೊಡ್ತೀನಿ. ಕೇಳಬ್ಯಾಡ್ರಿ." ಒಪ್ಪತ್ತಿನ ಬಗ್ಗೆ ಕೇಳಿದೆ. "ಉಣ್ರಿ, ಗುಳಿಗಿನೂ ತಗೋರಿ. ಅಮ್ಮ ಏನ ಸಾಲಿ ಮಾಸ್ತರೇನ್ರಿ ಹಾಜರಿ ತಗೊಳ್ಳಾಕ? ಹರಕಿ ಹೊತ್ತಾಕಿ ನಾನು, ಇನ್ ಮ್ಯಾಲೆ ನಾನಾ ಒಪ್ಪತ್ತ ಇರ್ತೀನಿ."

ಹಿತ್ತಾಳೆ ಬಟ್ಟಲು ಜಗಲಿಯಿಂದ ಅಡುಗೆ ಮನೆಗೆ ಹೋಗಿದೆ. ಅದರಲ್ಲಿ ಉಪ್ಪು.

20-9-83, ಮಂಗಳವಾರ

ಗೇಜು 3.9. ಈಗ ದಿನಕ್ಕೆ ಐದು ಗುಳಿಗೆ. ನಿದ್ದೆ ಇಲ್ಲ. ಕೂದಲ ಬುಡದಲ್ಲಿ ಇರುವೆ ಹರಿದಾಡಿದ ಹಾಗೆ. ಗಾಳೆಪ್ಪ ಹ್ಯಾಂಡಲ್ ಮುಟ್ಟಲು ಬಿಡುವುದಿಲ್ಲ. "ನೀ ಎಣಿಸು, ನಾ ತಿರುವತೀನಿ" ಅನ್ನುತ್ತಾನೆ. ನೂರಾ ನಲವತ್ತನ್ನೂ ಎಣಿಸಿದೆ.

ಸಂಜೆ ನಲವತ್ತು ಜನ. ಕಾರಟಗಿಯಿಂದಲೂ ಬಂದಿದ್ದರು. ಸತ್ತವಳನ್ನು ಎಬ್ಬಿಸಿದ ಅಮ್ಮ ಅಂತ ಸುದ್ದಿಯಾಗಿದೆ. ಅವತ್ತಿನ ನನ್ನ ಕೂಗನ್ನು ಆ ಹೆಂಗಸರು ಊರೂರಿಗೆ ಒಯ್ದಿದ್ದಾರೆ. ಫಕೀರಮ್ಮ ಬಾಗಿಲಲ್ಲಿ ನಿಂತು "ಆರಾಮಿಲ್ಲ" ಅಂದು ಕಳಿಸಿದಳು. ಒಬ್ಬಳು ಅವಳ ಕಾಲು ಮುಟ್ಟಲು ಬಗ್ಗಿದಾಗ ಹಿಂದೆ ಸರಿದಳು. ಅದನ್ನು ಕಿಟಕಿಯಿಂದ ನೋಡಿದೆ. ಅವಳಿಗೆ ಸಿಕ್ಕ ಒಂದೇ ಮಾನವನ್ನು ನಾನೇ ಕೊಟ್ಟು ನಾನೇ ಕಸಿದೆ.

ಆರಾಮಿಲ್ಲ ಅನ್ನುವುದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

5-10-83

ಗೇಜು 3.5. ನಾಲ್ಕು. ನಿನ್ನೆ ಕೀಲಿ ಕೇಳಿದೆ. ಕೇಳಬಾರದಿತ್ತು. ಮೊದಲು ಮೆತ್ತಗೆ, ಆಮೇಲೆ ಸಿಟ್ಟಿನಿಂದ. ಹೊಡೆಯಲು ಕೈ ಎತ್ತಿದೆ. ಅವಳು ಹೆದರಲಿಲ್ಲ. "ಇದು ನೀವಲ್ಲ" ಅಂದಳು. ಕೈ ಇಳಿಸಿ ಗೇಟಿನ ಕೋಣೆಗೆ ಹೋಗಿ ಕೂತೆ. ಮಾಡ ಹುಡುಕಿದೆ. ಅಲ್ಲಿಯದನ್ನೂ ಮೊದಲೇ ತೆಗೆದಿದ್ದಾಳೆ.

27-10-83

ಎರಡು. ಗೇಜು 3.0. ಐದು ತಾಸು ನಿದ್ದೆ ಬಂತು. ಕನಸೂ ಬಿತ್ತು, ಕಾಲುವೆ ಒಣಗಿದ ಕನಸು. ಸೊಂಟ ನೋಯುತ್ತದೆ. ಆದರೆ ಮೊದಲಿನಷ್ಟೇ, ಹೆಚ್ಚಲ್ಲ. ಎರಡು ವರ್ಷ ಗುಳಿಗೆ ನುಂಗಿ ಗಳಿಸಿದ್ದೇನು ಅಂತ ನಗು ಬಂತು. ಡಾಕ್ಟರು ಹೇಳಿದ ಹಾಗೆ ಚಾಪೆಯ ಮೇಲೆ ಮೊಣಕಾಲು ಮಡಿಸುವುದು, ಎತ್ತುವುದು. ಫಕೀರಮ್ಮ ನೋಡಿ ನಗುತ್ತಾಳೆ. ನಗಲಿ.

24-11-83

ಅರ್ಧ. ಫಕೀರಮ್ಮ ಅಡಕತ್ತರಿಯಲ್ಲಿ ಗುಳಿಗೆ ಕತ್ತರಿಸುತ್ತಾಳೆ. ಎರಡು ಹೋಳು ಸರಿ ಬಾರದಿದ್ದರೆ ಸಣ್ಣದು ನನಗೆ. ಸಂಜೆಗೊಂದು ಹೋಳು. ಎರಡು ವಾರ ಹೀಗೆ, ಆಮೇಲೆ ಇಲ್ಲ. ಸಂಜೆ ನಾಲ್ಕಕ್ಕೆ ಕೈ ಇನ್ನೂ ಸಣ್ಣಗೆ ನಡುಗುತ್ತದೆ. ಅಕ್ಷರ ಮಾತ್ರ ನನ್ನ ಅಕ್ಷರವೇ.

29-11-83, ಮಂಗಳವಾರ. ಸಂಜೆ 5.30

ಕೊಯ್ಲಿಗೆ ಹನುಮಸಾಗರದ ಗುಂಪು ಬಂದಿದೆ. ಮಾರೆವ್ವ ಬಂದಿದ್ದಾಳೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಳೆ. ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಗೇಜು ಬರೆದು ಬರುತ್ತೇನೆ ಅಂತ ಒಳಗೆ ಬಂದೆ.

ಮುಖ ತುಂಬಿದೆ, ಆರಾಮ ಇದ್ದಾಳೆ. ನೋಡಿ ಜೀವ ತಂಪಾಯಿತು. ಕಾಯಿ, ಹಸಿರು ಸೀರೆ ತಂದಿದ್ದಾಳೆ. ಸೀರೆ ಫಕೀರಮ್ಮನಿಗೆ. ಹಿಂದೆ ಗುಂಪಿನ ಐದು ಜನ ಹೆಂಗಸರು.

"ಯಪ್ಪಾ, ಅವತ್ತ ಕೊಟ್ಟ ಪ್ರಸಾದ ಇನ್ನೊಮ್ಮೆ ಕೊಡ್ರಿ. ನನ್ನ ಸೊಂಟ ಹುಟ್ಟಿದಾಗಿಂದ ನೋಯದ ದಿನ ಅಂದ್ರ ಅದೊಂದಾ. ಇವರಿಗೂ ಒಂದೊಂದ ಕೊಡ್ರಿ. ಮುಂಜಾನಿಂದ ಉಪಾಸ ಅದಾವು ನನ್ನ ಮಕ್ಕಳು."

ಆರಾಮವಾದದ್ದು ಅವಳಿಗೆ ನೆನಪಿದೆ. ಸಾಯಲಿದ್ದದ್ದು ನೆನಪಿಲ್ಲ. ದವಾಖಾನೆಯವರು ಹೇಳಿದ್ದು ಯಾವ ಕಿವಿಗೆ ಬಿತ್ತೋ.

"ಅದು ಪ್ರಸಾದ ಅಲ್ಲ ಯವ್ವಾ," ಅಂದೆ. ಅನ್ನುವಾಗ ಕೈ ಮುಂದೆ ಮಾಡಿದೆ. ಕೈ ನಡುಗುತ್ತಿತ್ತು. ಇವತ್ತಿನ ಅರ್ಧ ಇನ್ನೂ ನುಂಗಿಲ್ಲ.

"ನೋಡ್ರೆ! ಬಂದ್ಲು ನಮ್ಮವ್ವ!" ಮಾರೆವ್ವ ಕೂಗಿದಳು. ಆರೂ ಜನ ನೆಲಕ್ಕೆ ಹಣೆ ಹಚ್ಚಿದರು. ಇನ್ನು ಬಾಯಿಂದ ಏನು ಹೇಳಿದರೂ ಅಮ್ಮನ ಮಾತೇ. ಅಲ್ಲ ಅಂದರೂ ಅಮ್ಮನೇ ಅಂದ ಹಾಗೆ.

ಅವತ್ತು ಶೆಡ್ಡಿನಲ್ಲಿ ನಾನೇ ಕಲಿಸಿದ ಪಾಠ.

ಸುಮ್ಮನೆ ಕಳಿಸಿದರೆ ಮುಗಿಯುವುದಿಲ್ಲ. ಗಂಗಾವತಿಯ ಔಷಧಿ ಅಂಗಡಿಗೆ ಇವಳ ಮುಖವೂ ಪರಿಚಯವಾಗಲು ಎಷ್ಟು ದಿನ ಬೇಕು? ಹಿಂದಿನ ಐವರು ಅವಳು ಹೇಳಿದ್ದನ್ನು ನುಂಗುತ್ತಾರೆ. ಇವತ್ತು ಹೇಳದಿದ್ದರೆ ಅವರಲ್ಲಿ ಒಬ್ಬಳನ್ನು ಟ್ರೇಲರಿನಲ್ಲಿ ಒಯ್ಯಬೇಕು. ಎಲ್ಲರಿಗೂ ನನಗೆ ಸಿಕ್ಕಂಥ ಡಾಕ್ಟರು ಸಿಗುವುದಿಲ್ಲ.

ಫಕೀರಮ್ಮ ಹಿಂದಿನ ಬಾಗಿಲಿಂದ ಒಳಗೆ ಬಂದಳು. ಟ್ರಂಕು ತೆಗೆದಳು. ಹಿತ್ತಾಳೆ ಬಟ್ಟಲಿನ ಉಪ್ಪು ಸುರಿದು, ಒರೆಸಿ, ಅರ್ಧ ಗುಳಿಗೆ ಇಟ್ಟು ನನ್ನ ಮುಂದೆ ಹಿಡಿದಳು. ಇಲ್ಲೇ ನುಂಗಿ ನಡುಕ ನಿಲ್ಲಿಸಿಕೊಂಡು ಹೋಗು ಅನ್ನುತ್ತಾಳೆ ಅಂದುಕೊಂಡೆ.

"ಇಲ್ಲೆ ಬ್ಯಾಡ," ಅಂದಳು. "ಅವರ ಮುಂದ ನುಂಗ್ರಿ. ಕೈ ಚಾಚಿಕೊಂಡು ಕುಂದರ್ರಿ. ಅವರ ಕಣ್ಣ ಮುಂದಾ ಅಮ್ಮ ಎದ್ದು ಹೋಗಲಿ. ಆಮ್ಯಾಲೆ ಹೇಳ್ರಿ."

"ನಿನ್ನ ಕಾಲು ಯಾರೂ ಮುಟ್ಟಂಗಿಲ್ಲ ಇನ್ನ."

"ಮುಟ್ಟಬ್ಯಾಡ ಬಿಡ್ರಿ. ಕಾಲು ನನ್ನವಾ ಇರ್ತಾವಲ್ಲ." ಅಂದವಳ ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

ಅರ್ಧ ಗಂಟೆ ಬೇಕು ನಡುಕ ನಿಲ್ಲಲು. ಅರ್ಧ ಗಂಟೆ ಅವರೆಲ್ಲ ಕೂತು ನೋಡಬೇಕು. ನೋಡುತ್ತಾರೆ. ಎಷ್ಟು ಮಂಗಳವಾರ ಕೂತಿದ್ದಾರೆ. ನಿಂತ ಮೇಲೆ ಬಟ್ಟಲು ತೋರಿಸಿ ಮೊದಲಿಂದ ಹೇಳುತ್ತೇನೆ — ಹ್ಯಾಂಡಲ್ಲಿಂದ, ಚೀಟಿಯಿಂದ, ಗುರುವಾರದ ನೀರಿನಿಂದ. ಶೆಡ್ಡಿನಲ್ಲಿ ಕೂಗಿದ್ದು ಅಮ್ಮ ಅಲ್ಲ, ಹೆದರಿದ ಹುಲಿಗೆಪ್ಪ ಅಂತ. ನಾಳೆ ಬಸ್ಸಿಗೆ ಮಾರೆವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವನು ನಾನೇ ಅಂತಲೂ. ಬೈಯಲಿ, ಉಗಿಯಲಿ.

ಫಕೀರಮ್ಮ ಬಾಗಿಲು ತೆಗೆದಳು. ಮಾರೆವ್ವ ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿ ಕೂತಿದ್ದಾಳೆ, ಹಿಂದೆ ಐದು ಬೊಗಸೆ. ನನ್ನ ಕೈ ಕಂಡ ಕೂಡಲೇ ಮತ್ತೆ ಬಗ್ಗುತ್ತಾರೆ. ಬಗ್ಗಲಿ, ಏಳುವ ತನಕ ಕಾಯುತ್ತೇನೆ. ಬಟ್ಟಲು ಹಿಡಿದೆ. ಸಂಜೆಯ ಗೇಜು ಬರೆದಿಲ್ಲ, ಬಂದು ಬರೆ—